ನಲ್ಲಿ ನೀರಿಗೆ ಕ್ಲೋರಿನ್ ವಾಸನೆ ಏಕೆ?

ಪ್ರಶ್ನೆ: ನಮ್ಮ ನಲ್ಲಿಯ ನೀರು ಕೆಲವು ದಿನ ಮೂಗಿಗೆ ಬಡಿಯುವಷ್ಟು ಕ್ಲೋರಿನ್ ವಾಸನೆ ಬರುತ್ತದೆ, ಇನ್ನು ಕೆಲವು ದಿನ ಲೋಟಕ್ಕೆ ಹಿಡಿದರೆ ಹಾಲಿನಂತೆ ಬೆಳ್ಳಗಿರುತ್ತದೆ. ನಗರದ ಶುದ್ಧೀಕರಣ ಘಟಕದಲ್ಲಿ ಎಲ್ಲವೂ ಸರಿಯಾಗಿದ್ದರೆ ಹೀಗೇಕಾಗುತ್ತದೆ? ಈ ನೀರನ್ನು ಹಾಗೆಯೇ ಕುಡಿಯಬಹುದೆ, ಕುದಿಸಲೇಬೇಕೆ?

ಉತ್ತರ: ಬಿಳಿ ಬಣ್ಣದ ವಿಷಯವನ್ನು ಮೊದಲು ಮುಗಿಸೋಣ. ಗಾಜಿನ ಲೋಟದಲ್ಲಿ ನೀರು ಹಿಡಿದು ಒಂದೆರಡು ನಿಮಿಷ ಅಲುಗಾಡಿಸದೆ ಇಡಿ. ನೀರು ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬಂದರೆ ಅದು ಬರೀ ಗಾಳಿ; ಕೊಳವೆಯ ಒತ್ತಡದಲ್ಲಿ ಕರಗಿದ್ದುದು ಹೊರಬಿದ್ದೊಡನೆ ಸಣ್ಣ ಗುಳ್ಳೆಗಳಾಗುತ್ತದೆ, ಅದರಿಂದ ಕೆಡುಕಿಲ್ಲ. ತಿಳಿಯಾಗದೆ ಉಳಿದರೆ ಅಥವಾ ತಳದಲ್ಲಿ ಗಸಿ ಕೂತರೆ ನೀರು ಸರಬರಾಜು ಕಚೇರಿಗೆ ದೂರು ಕೊಡಬೇಕು.

ವಾಸನೆಯ ಮಾತು ಇನ್ನಷ್ಟು ವಿವರ ಬೇಡುತ್ತದೆ; ಕ್ಲೋರಿನ್ ಸೇರಿಸುವ ಮೊದಲು ಘಟಕದಲ್ಲಿ ನೀರನ್ನು ಹೇಗೆ ತಿಳಿಗೊಳಿಸುತ್ತಾರೆಂದು ನೋಡೋಣ. ನದಿ ಅಥವಾ ಕೆರೆಯ ನೀರಿನಲ್ಲಿರುವ ಅತಿ ಸಣ್ಣ ಜೇಡಿಕಣಗಳು ಒಂದೇ ಬಗೆಯ ವಿದ್ಯುದಂಶ ಹೊತ್ತು ಪರಸ್ಪರ ದೂರ ಸರಿಯುವುದರಿಂದ ಎಷ್ಟು ದಿನ ಕಾದರೂ ತಾವಾಗಿ ತಳ ಸೇರುವುದಿಲ್ಲ. ಪಟಿಕ ಬೆರೆಸಿದಾಗ ಆ ವಿಕರ್ಷಣೆ ಅಳಿದು, ನಿಧಾನವಾಗಿ ಕಲಕಿದಂತೆ ಕಣಗಳು ಒಂದಕ್ಕೊಂದು ಅಂಟಿ ಹತ್ತಿಯ ಎಳೆಗಳಂಥ ಮುದ್ದೆಗಳಾಗಿ ಕೆಳಗಿಳಿಯುತ್ತವೆ. ಎಷ್ಟು ಪಟಿಕ ಬೇಕೆಂಬುದು ನೀರಿನ ಕದಡಿನೊಂದಿಗೆ ಬದಲಾಗುವುದರಿಂದ ಪ್ರಯೋಗಾಲಯದಲ್ಲಿ ಸಾಲಾಗಿಟ್ಟ ಬೀಕರುಗಳಿಗೆ ಬೇರೆ ಬೇರೆ ಪ್ರಮಾಣ ಹಾಕಿ, ಯಾವುದರಲ್ಲಿ ನೀರು ಬೇಗ ತಿಳಿಯಾಯಿತೆಂದು ನೋಡುತ್ತಾರೆ. ಬಳಿಕ ಉಳಿದ ಕಣಗಳನ್ನು ಮರಳಿನ ಹಾಸು ತಡೆಯುತ್ತದೆ. ಈ ಹಾಸಿನ ಬೆಲೆ 1892ರ ಕಾಲರಾದಲ್ಲಿ ತಿಳಿಯಿತು: ಎಲ್ಬ್ ನದಿಯ ನೀರನ್ನು ಸೋಸದೆ ಹಂಚಿದ ಜರ್ಮನಿಯ ಹ್ಯಾಂಬರ್ಗಿನಲ್ಲಿ 8,000ಕ್ಕೂ ಹೆಚ್ಚು ಜನ ಸತ್ತರೆ, ಅದೇ ನದಿಯ ಕೆಳಹರಿವಿನ ನೀರನ್ನು ಮರಳಿನಲ್ಲಿ ಸೋಸಿ ಕೊಟ್ಟ ನೆರೆಯ ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು.

ಮುಖ್ಯ ಕ್ಲೋರಿನೀಕರಣ ಸೋಸಿದ ನಂತರವೇ ನಡೆಯುತ್ತದೆ, ಏಕೆಂದರೆ ಕದಡಿದ ನೀರಿನಲ್ಲಿ ರೋಗಾಣುಗಳು ಕಣಗಳ ಮರೆಯಲ್ಲಿ ಉಳಿದುಬಿಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಕನಿಷ್ಠ 30 ನಿಮಿಷದ ಸಂಪರ್ಕದ ಬಳಿಕವೂ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಮನೆಗೆ ತಲುಪುವಾಗ 0.2 ಮಿಲಿಗ್ರಾಂಗಿಂತ ಕಡಿಮೆಯಾಗಬಾರದು. ಹೀಗೆ ಬೇಕೆಂದೇ ಉಳಿಸಿದ ಅಂಶವೇ ನಿಮ್ಮ ಮೂಗಿಗೆ ತಾಗುತ್ತಿದೆ. ಘಟಕದಿಂದ ಹೊರಟ ನೀರು ನೆಲದಡಿಯ ಹಳೆಯ ಕೊಳವೆಗಳಲ್ಲಿ ಮೈಲುಗಟ್ಟಲೆ ಸಾಗುತ್ತದೆ; ಸರಬರಾಜು ನಿಂತಾಗ ಒತ್ತಡ ಕುಸಿದು, ಕೊಳವೆಯ ಬಿರುಕಿನಿಂದ ಸುತ್ತಲಿನ ಕೊಳಕು ನೀರು ಒಳಕ್ಕೆ ಎಳೆದುಕೊಳ್ಳಲ್ಪಡಬಹುದು. ಆಗ ಅಲ್ಲಿ ನಮ್ಮನ್ನು ಕಾಯುವುದು ಈ ಅಳಿದುಳಿದ ಕ್ಲೋರಿನ್ನೇ. ಆದ್ದರಿಂದ ಸದಾ ಇರುತ್ತಿದ್ದ ವಾಸನೆ ಥಟ್ಟನೆ ಇಲ್ಲವಾದರೆ ನಾನು ಹೆಚ್ಚು ಆತಂಕಪಡುತ್ತೇನೆ. ಕ್ಲೋರಿನ್ ಸಾವಯವ ವಸ್ತುವಿನೊಡನೆ ಸೇರಿ ಟ್ರೈಹ್ಯಾಲೋಮೀಥೇನ್‌ನಂಥ, ಹೆಚ್ಚಾದರೆ ಆರೋಗ್ಯಕ್ಕೆ ಒಳ್ಳೆಯದಲ್ಲದ ಸಂಯುಕ್ತಗಳು ಹುಟ್ಟುವುದು ನಿಜ. ಅವನ್ನು ತಗ್ಗಿಸಲು ಚೆನ್ನಾಗಿ ಸೋಸಬೇಕೇ ಹೊರತು ಕ್ಲೋರಿನ್ ನಿಲ್ಲಿಸಬಾರದು.

ಇನ್ನು ಕುದಿಸುವುದು. ಹಗಲಿರುಳೂ ಒತ್ತಡವಿರುವ, ಕ್ಲೋರಿನ್ ಉಳಿದಿರುವ ಕೊಳವೆಯ ನೀರಿಗೆ ಅದು ಬೇಕಿಲ್ಲ. ಬಿಟ್ಟು ಬಿಟ್ಟು ನೀರು ಬರುವಲ್ಲಿ ಮೊದಲು ಬಂದ ನೀರನ್ನು ಕುಡಿಯಲು ಬಳಸದಿರಿ, ನಂತರ ಹಿಡಿದದ್ದನ್ನು ಕೊತಕೊತ ಕುದಿಯುವವರೆಗೆ ಕಾಯಿಸಿ, ಮುಚ್ಚಿದ ಪಾತ್ರೆಯಲ್ಲೇ ಆರಿಸಿ. ಮನೆಯಲ್ಲಿ ಎಳೆಮಕ್ಕಳಿದ್ದರೆ ಇದನ್ನು ತಪ್ಪಿಸಲೇಬೇಡಿ. ಆದರೆ ನೈಟ್ರೇಟ್, ಸೀಸ, ಆರ್ಸೆನಿಕ್‌ಗಳು ಕುದಿಸಿದರೆ ಹೋಗುವುದಿಲ್ಲ, ಆವಿಯಾದಷ್ಟೂ ನೀರಿನಲ್ಲಿ ಅವುಗಳ ಸಾಂದ್ರತೆ ಏರುತ್ತದೆ. ಅವುಗಳ ಬಗ್ಗೆ ತಿಳಿಯಲು ಪರೀಕ್ಷಾ ವರದಿಯನ್ನೇ ನೋಡಬೇಕು. ವರದಿಯಲ್ಲಿ 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ (ನೀರಿಗೆ ಮಲ ಸೇರಿದೆಯೆಂದು ತೋರಿಸುವ ಬ್ಯಾಕ್ಟೀರಿಯಾ) ಒಂದೂ ಇರಕೂಡದು. ಮಾದರಿಯನ್ನು ಎಲ್ಲಿ ತೆಗೆದರೆಂದೂ ವಿಚಾರಿಸಿ. ಘಟಕದ ಬಳಿಯದ್ದರ ಜೊತೆಗೆ ಕೊಳವೆಜಾಲದ ಕಟ್ಟಕಡೆಯ ನಲ್ಲಿಯ ವರದಿಯನ್ನೂ ಕೇಳಿ ಪಡೆಯಿರಿ.