ಕ್ರೂಸ್ ಹಡಗಿನ ರಾತ್ರಿ ಊಟ: ಮೊದಲ ಪಂಕ್ತಿಯೋ, ಎರಡನೆಯದೋ?

ದಾವಣಗೆರೆಯಿಂದ ಒಂಬತ್ತು ಜನ, ಮೂರು ಕ್ಯಾಬಿನ್, ಸಿಂಗಾಪುರದಿಂದ ನಾಲ್ಕು ರಾತ್ರಿಯ ಕ್ರೂಸ್. ಡೈನಿಂಗ್ ರೂಮಲ್ಲಿ ಊಟಕ್ಕೆ ಎರಡು ಪಂಕ್ತಿ, ಸಂಜೆ 5.30 ಅಥವಾ ರಾತ್ರಿ 8.00; ಆರಿಸಿದ ಹೊತ್ತು, ಸಿಕ್ಕ ಟೇಬಲ್ ದಿನಾ ಅದೇ. ‘ಅಪ್ಪ-ಅಮ್ಮನಿಗೆ ವಯಸ್ಸಾಗಿದೆ, ಬೇಗನೇ ಒಳ್ಳೇದಲ್ವಾ?’ ಅಂತ ಕೇಳಿದ್ದೀರಿ. ಒಂದು ಕಾಲಕ್ಕೆ ನಾನೂ ಹಾಗೇ ಅಂದ್ಕೊಂಡಿದ್ದೆ. ಈಗ ಇದೇ ಬುಕಿಂಗ್ ಕೆಲಸ ಮಾಡೋನಾಗಿ ಹೇಳ್ತೀನಿ: ಆ ಲೆಕ್ಕ ಬುಡದಲ್ಲೇ ತಪ್ಪು.

ಸಿಂಗಾಪುರದ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ. ಹಡಗಿನ 5.30 ಅಂದ್ರೆ ನಮ್ಮೂರಲ್ಲಿ ಮಧ್ಯಾಹ್ನ 3 ಗಂಟೆ. ಉಂಡ ಅನ್ನ ಇನ್ನೂ ಕರಗಿರಲ್ಲ. 8 ಗಂಟೆ ಅಂದ್ರೆ ಸಂಜೆ 5.30, ಮಂಡಕ್ಕಿ-ಮೆಣಸಿನಕಾಯಿ ಹೊತ್ತು. ರಾತ್ರಿ ಒಂಬತ್ತಕ್ಕೆ ರೊಟ್ಟಿಗೆ ಕೂರೋ ಹೊಟ್ಟೆಗೆ ‘ಲೇಟ್’ ಅನ್ನೋದೂ ಬೇಗನೇ ಆಯ್ತು. ಅದೂ ಅಲ್ದೆ ಸಿಂಗಾಪುರದಲ್ಲಿ ಸೂರ್ಯ ಮುಳುಗೋದು ಸುಮಾರು 7ಕ್ಕೆ. ಊಟಕ್ಕೆ ಮುಂಚೆ ಸಂಜೆ ಪೂಜೆ ಮಾಡೋ ಹಿರಿಯರಿದ್ದರೆ ಮೊದಲ ಪಂಕ್ತಿ ಅವರಿಗೆ ಆಗಿಬರಲ್ಲ. ಎರಡನೇ ಪಂಕ್ತಿಯನ್ನೇ ಹಿಡೀರಿ. ಆ ಪಂಕ್ತಿಯವರಿಗೆ ಹಡಗಿನ ಥಿಯೇಟರ್ ಶೋ ಸಾಮಾನ್ಯವಾಗಿ ಊಟಕ್ಕೆ ಮುಂಚೆ ಇರುತ್ತೆ. ನಿದ್ದೆಗಣ್ಣಿನ ಚಿಕ್ಕ ಮಕ್ಕಳಿಗೆ ಬಫೆಯಲ್ಲಿ ಮೊದಲೇ ಉಣಿಸಿ. ಡೈನಿಂಗ್ ರೂಮಲ್ಲಿ ಒಂದೂವರೆ ತಾಸು ಅವರು ಕೂರಲ್ಲ.

ಆದರೆ ಜನ ನಿಜವಾಗಿ ಎಡವೋದು ಪಂಕ್ತಿ ಆರಿಸೋದ್ರಲ್ಲಲ್ಲ, ಬುಕಿಂಗ್ ಜೋಡಿಸೋದ್ರಲ್ಲಿ. ಪಂಕ್ತಿ, ಟೇಬಲ್ ಎರಡೂ ಅಂಟಿಕೊಂಡಿರೋದು ಬುಕಿಂಗ್ ನಂಬರಿಗೆ. ನಿಮ್ಮ ಮೂರು ಕ್ಯಾಬಿನ್‌ಗೆ ಮೂರು ನಂಬರ್ ಇದ್ದರೆ ಕ್ರೂಸ್ ಕಂಪನಿಯ ಲೆಕ್ಕದಲ್ಲಿ ನೀವು ಮೂರು ಬೇರೆ ಮನೆ. ಒಂದೇ ಕಾರ್ಡಲ್ಲಿ ದುಡ್ಡು ಕಟ್ಟಿದ್ದೀವಿ, ಒಂದೇ ದಿನ ಬುಕ್ ಮಾಡಿದ್ದೀವಿ ಅಂದ್ರೆ ಸಾಲದು. ಹೆಸರು ನೋಡಿ ಯಾರಾದರೂ ಹೊಂದಿಸ್ತಾರೆ ಅನ್ನೋಕೂ ಇಲ್ಲ: ನಮ್ಮ ಕಡೆ ಇನಿಷಿಯಲ್ ಬಿಡಿಸಿ ಬರೆದ ಪಾಸ್‌ಪೋರ್ಟಲ್ಲಿ ಅಪ್ಪನ ಸರ್‌ನೇಮ್ ಒಂದು, ಮಗನದು ಇನ್ನೊಂದು, ಸೊಸೆಯದು ಖಾಲಿ. ಒಬ್ಬರು 5.30, ಇನ್ನೊಬ್ಬರು 8 ಅಂತ ಟಿಕ್ ಮಾಡಿದ್ರಂತೂ ಮುಗೀತು. ಅಪ್ಪ-ಅಮ್ಮ ಭಾಷೆ ಬಾರದವರ ನಡುವೆ ಕೂತು ಮೆನು ಕಾರ್ಡ್ ತಿರುವಿ ಹಾಕ್ತಿರ್ತಾರೆ, ನೀವು ಆ ಹೊತ್ತಿಗೆ ಶೋನಲ್ಲಿ ಇರ್ತೀರಿ.

ಹಾಗಾಗಿ ಮೊದಲು ಮೂರರಲ್ಲೂ ಒಂದೇ ಪಂಕ್ತಿ ಹಾಕಿಸಿ. ಆಮೇಲೆ ಮೂರೂ ನಂಬರ್ ಏಜೆಂಟಿಗೆ ಒಟ್ಟಿಗೆ ಕಳಿಸಿ, ‘ಊಟಕ್ಕೆ ಒಂದೇ ಟೇಬಲ್, ಲಿಂಕ್ ಮಾಡಿ’ ಅಂತ ಬರವಣಿಗೆಯಲ್ಲೇ ಕೇಳಿ. ಹೊಸ ಕನ್ಫರ್ಮೇಷನ್ ಬಂದಾಗ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಡಗು ಹತ್ತಿದ ಮೇಲೆ ಕ್ಯಾಬಿನ್ ಕಾರ್ಡಲ್ಲೋ ಆ ಕಂಪನಿಯ ಆ್ಯಪಲ್ಲೋ ಟೇಬಲ್ ನಂಬರ್ ಇರುತ್ತೆ. ಬೇರೆ ಬೇರೆ ಬಂದಿದ್ರೆ ಅವತ್ತು ಮಧ್ಯಾಹ್ನವೇ ಡೈನಿಂಗ್ ರೂಮಿನ ಹೆಡ್ ವೇಟರ್ ಹತ್ರ ಹೋಗಿ. ಮೊದಲ ರಾತ್ರಿ ಕಳೆದ ಮೇಲೆ ಎಲ್ಲರೂ ತಮ್ಮ ತಮ್ಮ ಜಾಗ ಹಿಡಿದಿರ್ತಾರೆ, ಒಂಬತ್ತು ಕುರ್ಚಿಯ ಟೇಬಲ್ ಸಿಗೋದು ಕಷ್ಟ.

‘ಯಾವಾಗ ಬೇಕಾದ್ರೂ ಬನ್ನಿ’ ಅನ್ನೋ ವ್ಯವಸ್ಥೆಯೂ ಕೆಲವು ಕಂಪನಿಗಳಲ್ಲಿದೆ, ರಾಯಲ್ ಕೆರಿಬಿಯನ್‌ನವರು ಅದನ್ನ ಮೈ ಟೈಮ್ ಡೈನಿಂಗ್ ಅಂತಾರೆ. ಗಂಡ-ಹೆಂಡತಿ ಇಬ್ಬರೇ ಆದ್ರೆ ಚೆನ್ನ. ಒಂಬತ್ತು ಜನಕ್ಕೆ ಬೇಡ.

ಸಸ್ಯಾಹಾರಿಗಳಾದ್ರೆ ‘ವೆಜ್’ ಅಂತಷ್ಟೇ ಹೇಳಬೇಡಿ, ಮೊಟ್ಟೆ, ಮೀನು ಸೇರಿಕೊಂಡು ಬಿಡಬಹುದು. ಮೊದಲ ರಾತ್ರಿಯೇ ‘ಇಂಡಿಯನ್ ವೆಜಿಟೇರಿಯನ್, ಮೊಟ್ಟೆ ಇಲ್ಲ, ಸೂಪಿಗೆ ಚಿಕನ್ ಸ್ಟಾಕ್ ಬೇಡ’ ಅಂತ ಬಿಡಿಸಿ ಹೇಳಿ, ಮರುದಿನದ ಮೆನು ಅವತ್ತೇ ಕೇಳಿ ಆರ್ಡರ್ ಕೊಡಿ. ನಿಗದಿ ಪಂಕ್ತಿಯಲ್ಲಿ ಒಬ್ಬರೇ ವೇಟರ್ ದಿನಾ ಸಿಗ್ತಾರೆ, ಎರಡನೇ ದಿನಕ್ಕೆ ಅವರಿಗೇ ಗೊತ್ತಾಗಿರುತ್ತೆ. ಅಮ್ಮನ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಯಾವ ಗಡಿಯಾರಕ್ಕೆ ಅಂತ ಹೊರಡೋ ಮುಂಚೆ ಡಾಕ್ಟರ ಹತ್ರ ಬರೆಸ್ಕೊಳ್ಳಿ, ನೀವೇ ಎರಡೂವರೆ ತಾಸು ಕೂಡಿಸಿ ಕಳೆಯಕ್ಕೆ ಹೋಗಬೇಡಿ.