ಮೆದುಳಿನ ಸಂಶೋಧನೆ: ಸೀಟು ಒಂದು ಕಡೆ, ದುಡ್ಡು ಇನ್ನೊಂದು ಕಡೆ

ನರವಿಜ್ಞಾನದಲ್ಲಿ ಪಿಎಚ್‌ಡಿ ಮಾಡುವ ಬಗ್ಗೆ ಈ ಬಾರಿ ಬಂದ ಪ್ರಶ್ನೆಗಳಲ್ಲಿ ಆರನ್ನು ಆರಿಸಿದ್ದೇವೆ. ಒಂದೇ ಅರ್ಥದವನ್ನು ಒಟ್ಟುಗೂಡಿಸಿದ್ದೇವೆ.

ಎಂ.ಎಸ್ಸಿ. ಜೀವರಸಾಯನಶಾಸ್ತ್ರದ ಕೊನೆಯ ವರ್ಷದಲ್ಲಿದ್ದೇನೆ. ಬೆಂಗಳೂರಿನಲ್ಲೇ ಇದ್ದು ಮೆದುಳಿನ ಮೇಲೆ ಸಂಶೋಧನೆ ಮಾಡಬೇಕು. ಯಾವ ಸಂಸ್ಥೆ, ಯಾವ ಪರೀಕ್ಷೆ, ಕೈಗೆ ಎಷ್ಟು ಬರುತ್ತದೆ? — ವಿದ್ಯಾರ್ಥಿನಿ, ಕೆಂಗೇರಿ

ಮೊದಲು ಎರಡು ವಿಷಯ ಬಿಡಿಸಿಕೊಳ್ಳಿ. ಪಿಎಚ್‌ಡಿ ಸೀಟು ಕೊಡುವುದು ಸಂಸ್ಥೆ. ತಿಂಗಳ ದುಡ್ಡು ಕೊಡುವವರು ಸಿಎಸ್‌ಐಆರ್, ಯುಜಿಸಿ, ಡಿಬಿಟಿ, ಐಸಿಎಂಆರ್‌ನಂಥ ಕೇಂದ್ರದ ಇಲಾಖೆ, ಮಂಡಳಿಗಳಾಗಿರಬಹುದು, ಸೀಟು ಕೊಟ್ಟ ಸಂಸ್ಥೆಯೇ ಆಗಿರಬಹುದು, ಗೈಡ್ ತಂದ ಪ್ರಾಜೆಕ್ಟೂ ಆಗಿರಬಹುದು. ಸೀಟು ಸಿಕ್ಕ ಖುಷಿಯಲ್ಲಿ ಎರಡನೆಯದನ್ನು ಕೇಳಲು ಮರೆತವರೇ ಆಮೇಲೆ ಪೇಚಾಡುವುದು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) 2009ರಿಂದ ಸೆಂಟರ್ ಫಾರ್ ನ್ಯೂರೋಸೈನ್ಸ್ ಇದೆ. ಅರ್ಜಿ ಸಾಮಾನ್ಯವಾಗಿ ಫೆಬ್ರುವರಿ–ಮಾರ್ಚ್‌ನಲ್ಲಿ. ಗೇಟ್ ಪರೀಕ್ಷೆ ಅಥವಾ ನೆಟ್-ಜೆಆರ್‌ಎಫ್‌ನಂಥ (ನೆಟ್ ಪರೀಕ್ಷೆಯಿಂದ ಸಿಗುವ ಕಿರಿಯ ಸಂಶೋಧನಾ ಫೆಲೋಶಿಪ್) ರಾಷ್ಟ್ರೀಯ ಅರ್ಹತೆ ಇದ್ದರೆ ಸಂದರ್ಶನದ ಪಟ್ಟಿಗೆ ಪರಿಗಣಿಸುತ್ತಾರೆ. ಆಯ್ಕೆಯಾದರೆ ಸಂಸ್ಥೆಯದೇ ಸ್ಕಾಲರ್‌ಶಿಪ್ ಇದೆ, ಹೊರಗಿನ ಜೆಆರ್‌ಎಫ್ ಇಲ್ಲದಿದ್ದರೂ ನಡೆಯುತ್ತದೆ. ಹೊಸೂರು ರಸ್ತೆಯ ನಿಮ್ಹಾನ್ಸ್ ಬೇರೆಯೇ ಲೋಕ: ನ್ಯೂರೋಫಿಸಿಯಾಲಜಿ, ನ್ಯೂರೋಕೆಮಿಸ್ಟ್ರಿಯಂಥ ಮೂಲವಿಜ್ಞಾನ ವಿಭಾಗಗಳು ರೋಗಿಗಳ ವಾರ್ಡಿನ ಪಕ್ಕದಲ್ಲೇ ಇವೆ, 1995ರಲ್ಲಿ ಶುರುವಾದ ಮೆದುಳಿನ ಅಂಗಾಂಶ ಭಂಡಾರವೂ ಇದೆ. ಅಲ್ಲಿ ವಿಭಾಗಕ್ಕೊಂದು ಅರ್ಹತೆ. ಆದ್ದರಿಂದ ಪ್ರಕಟಣೆಯಲ್ಲಿ ನಿಮ್ಮ ಡಿಗ್ರಿಯ ಹೆಸರು ಆ ವಿಭಾಗದ ಎದುರು ಇದೆಯೇ ಎಂದು ನೋಡಿ, ಆಮೇಲೆ ಶುಲ್ಕ ಕಟ್ಟಿ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ ಜೀವವಿಜ್ಞಾನ ಸಂಶೋಧನೆಯ ಎನ್‌ಸಿಬಿಎಸ್ ಇದೆ, ಅದಕ್ಕೆ ಅದರ ಮಾತೃಸಂಸ್ಥೆ ಟಿಐಎಫ್‌ಆರ್‌ನ ಪಿಎಚ್‌ಡಿ ಪ್ರವೇಶ ಪರೀಕ್ಷೆಯ ದಾರಿ. ಜಕ್ಕೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರ ಜೆಎನ್‌ಸಿಎಎಸ್‌ಆರ್‌ನಲ್ಲೂ ನ್ಯೂರೋಸೈನ್ಸ್ ಘಟಕವಿದೆ.

ಕೈಗೆ ಬರುವುದು: 2023ರ ಜನವರಿ 1ರಿಂದ ಜಾರಿಗೆ ಬಂದ ದರದಂತೆ ಜೆಆರ್‌ಎಫ್‌ಗೆ ತಿಂಗಳಿಗೆ 37,000, ಎಸ್‌ಆರ್‌ಎಫ್‌ಗೆ (ಹಿರಿಯ ಸಂಶೋಧನಾ ಫೆಲೋಶಿಪ್) 42,000 ರೂಪಾಯಿ. ಹಾಸ್ಟೆಲ್ ಸಿಗದಿದ್ದರೆ ಇದರ ಮೇಲೆ ಮನೆ ಬಾಡಿಗೆ ಭತ್ಯೆ. ಈ ಭತ್ಯೆಯ ಲೆಕ್ಕದಲ್ಲಿ ಬೆಂಗಳೂರು ಎಕ್ಸ್ ವರ್ಗದ, ಅಂದರೆ ದೊಡ್ಡ ನಗರ, 30% ಹಿಡಿದರೆ 11,100 ಸೇರಿ 48,100 ಆಗುತ್ತದೆ. ಮೊದಲ ಎರಡು ವರ್ಷ ಜೆಆರ್‌ಎಫ್, ಮೌಲ್ಯಮಾಪನವಾದ ಮೇಲೆ ಎಸ್‌ಆರ್‌ಎಫ್, ಒಟ್ಟು ಐದು ವರ್ಷ. ಈ ಬಡ್ತಿ ತಾನಾಗಿ ಬರುವುದಿಲ್ಲ. ಹೊರಗಿನ ತಜ್ಞರೂ ಇರುವ ಸಮಿತಿ ಕೂರಬೇಕು, ವರದಿಗೆ ಸಹಿಯಾಗಬೇಕು, ಕಡತ ಹೋಗಬೇಕು. 22ನೇ ತಿಂಗಳಿನಲ್ಲೇ ಗೈಡ್‌ಗೆ ನೆನಪಿಸಿ. ಯುಜಿಸಿ ಫೆಲೋಶಿಪ್ ಆದರೆ ಪ್ರತಿ ತಿಂಗಳು ಸಂಸ್ಥೆ ಪೋರ್ಟಲ್‌ನಲ್ಲಿ ದೃಢೀಕರಿಸಬೇಕು. ಗುಮಾಸ್ತರು ರಜೆ ಹಾಕಿದ ತಿಂಗಳು ನಿಮ್ಮ ಖಾತೆಯೂ ರಜೆ. ಮೊದಲ ಕಂತಂತೂ ತಿಂಗಳುಗಟ್ಟಲೆ ತಡವಾಗುವುದು ಮಾಮೂಲು, ಮೂರು–ನಾಲ್ಕು ತಿಂಗಳ ಬಾಡಿಗೆ ಊಟಕ್ಕೆ ದುಡ್ಡು ಕೈಯಲ್ಲಿಟ್ಟುಕೊಂಡೇ ಸೇರಿ.

ಪರೀಕ್ಷೆಯ ವಿಷಯಕ್ಕೆ ಒಂದೇ ಮಾತು. ಸಿಎಸ್‌ಐಆರ್ ನೆಟ್ ಜೀವವಿಜ್ಞಾನದಲ್ಲಿ 200 ಅಂಕ, ಮೂರು ಗಂಟೆ. ಅದರಲ್ಲಿ 100 ಅಂಕ ಸಿ ಭಾಗಕ್ಕೆ: 75 ಪ್ರಶ್ನೆಗಳಲ್ಲಿ 25 ಉತ್ತರಿಸಿದರೆ ಸಾಕು, ಒಂದೊಂದಕ್ಕೆ 4 ಅಂಕ, ತಪ್ಪಿದರೆ 1 ಹೋಗುತ್ತದೆ. ಎಲ್ಲ ಅಧ್ಯಾಯ ಮೇಲೆಮೇಲೆ ಓದಿದವರಿಗೆ ಇಲ್ಲಿ ಏಟು ಬೀಳುತ್ತದೆ. ಐದಾರು ಘಟಕಗಳನ್ನು ಆಳವಾಗಿ ಓದಿದವರು ದಾಟುತ್ತಾರೆ.

ನೆಟ್ ಫಲಿತಾಂಶದಲ್ಲಿ "ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ" ಎಂದು ಬಂದಿದೆ. ಫೆಲೋಶಿಪ್ ಯಾವಾಗ ಬರುತ್ತದೆ? — ಓದುಗ, ಯಲಹಂಕ

ಬರುವುದಿಲ್ಲ. 2024ರಿಂದ ಯುಜಿಸಿ ನೆಟ್‌ನಲ್ಲಿ ಮೂರು ವರ್ಗಗಳಿವೆ: ಜೆಆರ್‌ಎಫ್, ಸಹಾಯಕ ಪ್ರಾಧ್ಯಾಪಕ ಹುದ್ದೆ ಹಾಗೂ ಪಿಎಚ್‌ಡಿ ಪ್ರವೇಶ, ಪಿಎಚ್‌ಡಿ ಪ್ರವೇಶ ಮಾತ್ರ. ದುಡ್ಡು ಇರುವುದು ಮೊದಲನೆಯದರಲ್ಲಿ ಮಾತ್ರ. ಎರಡನೆಯ, ಮೂರನೆಯ ವರ್ಗದವರ ಪ್ರವೇಶಕ್ಕೆ ನೆಟ್ ಅಂಕಕ್ಕೆ 70%, ಸಂದರ್ಶನಕ್ಕೆ 30% ತೂಕ. ಆ ಅಂಕ ಚಾಲ್ತಿಯಲ್ಲಿರುವುದು ಒಂದೇ ವರ್ಷ. ಅಷ್ಟರೊಳಗೆ ಸಂಸ್ಥೆಯದೇ ಸ್ಟೈಪೆಂಡ್ ಇರುವ ಕಡೆ ಅರ್ಜಿ ಹಾಕಿ. ನೀವು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಅಥವಾ ಹಿಂದುಳಿದ ವರ್ಗದವರಾಗಿದ್ದರೆ ಕೇಂದ್ರದ ರಾಷ್ಟ್ರೀಯ ಫೆಲೋಶಿಪ್‌ಗಳನ್ನು ಪ್ರತ್ಯೇಕವಾಗಿ ನೋಡಿ. ವಿಶ್ವವಿದ್ಯಾಲಯಕ್ಕೆ ಮೊದಲ ರ‍್ಯಾಂಕ್ ಬಂದವರಿಗೆ ಕೇಂದ್ರದ ಇನ್‌ಸ್ಪೈರ್ ಫೆಲೋಶಿಪ್ ಇದೆ, ಅದಕ್ಕೆ ವಯಸ್ಸಿನ ಮಿತಿ ಬಿಗಿ.

ಒಂದು ಲ್ಯಾಬ್‌ನಲ್ಲಿ ಅಲ್‌ಝೈಮರ್ ಪ್ರಾಜೆಕ್ಟಿಗೆ "ಜೆಆರ್‌ಎಫ್ ಬೇಕಾಗಿದ್ದಾರೆ" ಎಂಬ ಜಾಹೀರಾತು ಬಂದಿದೆ. ಸೇರಿದರೆ ಪಿಎಚ್‌ಡಿ ಆದಂತೆಯೇ? — ಓದುಗರಿಬ್ಬರು, ವಿಜಯನಗರ ಮತ್ತು ಹೆಬ್ಬಾಳ

ಹೆಸರು ಒಂದೇ, ಸಂಗತಿ ಎರಡು. ಪ್ರಾಜೆಕ್ಟ್ ಜೆಆರ್‌ಎಫ್ ಎಂದರೆ ಆ ಪ್ರಾಜೆಕ್ಟಿನ ಅವಧಿಯ ನೌಕರಿ. ಅನುದಾನ ಮೂರು ವರ್ಷದ್ದಾಗಿದ್ದು, ನೀವು ಒಂದು ವರ್ಷ ಕಳೆದ ಮೇಲೆ ಸೇರಿದರೆ ಉಳಿಯುವುದು ಎರಡೇ ವರ್ಷ. ಪಿಎಚ್‌ಡಿ ನೋಂದಣಿಗೆ ಬೇರೆಯೇ ಪ್ರವೇಶ ಪರೀಕ್ಷೆ, ಬೇರೆಯೇ ಸಂದರ್ಶನ. ಗೈಡ್ "ನೋಡೋಣ" ಅಂದದ್ದು ನೋಂದಣಿಯ ಭರವಸೆ ಅಲ್ಲ.

ಸಂದರ್ಶನದ ದಿನವೇ ಕೇಳಿ: ಪ್ರಾಜೆಕ್ಟ್ ಮುಗಿಯುವ ದಿನಾಂಕ ಯಾವುದು? ಎಥಿಕ್ಸ್ ಕಮಿಟಿ ಒಪ್ಪಿಗೆ ಬಂದಿದೆಯೇ? ಈ ಲ್ಯಾಬಿನಲ್ಲಿ ಹಿಂದಿನ ಪ್ರಾಜೆಕ್ಟ್ ಫೆಲೋಗಳಲ್ಲಿ ಪಿಎಚ್‌ಡಿ ನೋಂದಣಿ ಆದವರು ಯಾರು? ನನ್ನ ಕೆಲಸದ ದತ್ತಾಂಶ ನನ್ನ ಪ್ರಬಂಧಕ್ಕೆ ಸಿಗುತ್ತದೆಯೇ?

ಎರಡನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಮನುಷ್ಯರ ಮೇಲಿನ ಅಧ್ಯಯನಕ್ಕೆ ಸಂಸ್ಥೆಯ ಎಥಿಕ್ಸ್ ಕಮಿಟಿ, ಇಲಿಗಳ ಮೇಲಿನದಕ್ಕೆ ಪ್ರಾಣಿ ಎಥಿಕ್ಸ್ ಕಮಿಟಿ ಒಪ್ಪಬೇಕು. ಕಮಿಟಿ ಒಮ್ಮೆ "ಒಪ್ಪಿಗೆ ಪತ್ರದ ಕನ್ನಡ ಅನುವಾದ ರೋಗಿಗೆ ಅರ್ಥವಾಗುವಂತಿಲ್ಲ" ಎಂದು ಹಿಂದಕ್ಕೆ ಕಳಿಸಿದರೆ ಮುಂದಿನ ಸಭೆಯವರೆಗೆ ಕೈಕಟ್ಟಿ ಕೂರಬೇಕು. ಚಿಕಿತ್ಸಾ ಪ್ರಯೋಗವಾದರೆ ಮೊದಲ ರೋಗಿಯನ್ನು ಸೇರಿಸುವ ಮುನ್ನವೇ ದೇಶದ ಚಿಕಿತ್ಸಾ ಪ್ರಯೋಗಗಳ ದಾಖಲೆಪಟ್ಟಿ ಸಿಟಿಆರ್‌ಐನಲ್ಲಿ ನೋಂದಾಯಿಸಬೇಕು. ನಂತರ ಮಾಡಿದರೆ ಒಳ್ಳೆಯ ಪತ್ರಿಕೆಗಳು ಲೇಖನವನ್ನೇ ಮುಟ್ಟುವುದಿಲ್ಲ.

ಇಷ್ಟಾದರೂ ಪ್ರಾಜೆಕ್ಟ್ ಕೆಲಸ ದಂಡವಲ್ಲ. ಒಂದು ವರ್ಷ ಮಾಡಿ, ನಿಮಗೆ ಲ್ಯಾಬ್ ಬದುಕು ಒಗ್ಗುತ್ತದೆಯೇ ನೋಡಿಕೊಂಡು, ಅಷ್ಟರೊಳಗೆ ಗೇಟ್ ಅಥವಾ ನೆಟ್ ಮುಗಿಸುವುದು ನಮ್ಮ ಮಟ್ಟಿಗೆ ಜಾಣತನ.

ಗೈಡ್‌ಗಳಿಗೆ ನಲವತ್ತು ಮೇಲ್ ಕಳಿಸಿದೆ. ಒಬ್ಬರೂ ಉತ್ತರಿಸಿಲ್ಲ. ಎಲ್ಲಿ ತಪ್ಪಾಗಿದೆ? — ವಿದ್ಯಾರ್ಥಿ, ಬಸವನಗುಡಿ

ನೀವು ಕಳಿಸಿದ ಪ್ರತಿಯನ್ನು ಓದಿದೆವು. "ರೆಸ್ಪೆಕ್ಟೆಡ್ ಸರ್/ಮೇಡಂ, ಐ ಆ್ಯಮ್ ವೆರಿ ಪ್ಯಾಷನೇಟ್ ಅಬೌಟ್ ಬ್ರೈನ್" ಎಂದು ಶುರುವಾಗುತ್ತದೆ. ಸರ್ರೋ ಮೇಡಮ್ಮೋ ಎಂದೂ ನೋಡದೆ ನಲವತ್ತು ಜನಕ್ಕೆ ಒಂದೇ ಕಾಗದ ಹಾಕಿದ್ದೀರಿ ಎಂಬುದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ನಲವತ್ತು ಬೇಡ, ಆರು ಸಾಕು, ಆದರೆ ಒಂದೊಂದಕ್ಕೂ ಒಂದು ಸಂಜೆ ಕೊಡಿ.

ಮೇಲ್ 150–200 ಪದ ದಾಟಬಾರದು. ವಿಷಯದ ಸಾಲಿನಲ್ಲಿ ಯಾವ ವರ್ಷದ ಪ್ರವೇಶ, ನಿಮ್ಮ ಬಳಿ ಯಾವ ಫೆಲೋಶಿಪ್ ಇದೆ ಎಂದು ಬರೆಯಿರಿ. ಜೆಆರ್‌ಎಫ್ ಇದ್ದರೆ ಅದು ಅಲ್ಲೇ ಕಾಣಬೇಕು. ಮೊದಲ ಪ್ಯಾರಾ ನೀವು ಯಾರು ಎಂಬುದಕ್ಕೆ, ಎರಡು ಸಾಲು. ಎರಡನೆಯದರಲ್ಲಿ ಅವರ ಇತ್ತೀಚಿನ ಲೇಖನದ ಒಂದು ಚಿತ್ರವನ್ನು ಹಿಡಿದು ಒಂದು ಪ್ರಶ್ನೆ ಕೇಳಿ: "ಮೂರನೇ ಚಿತ್ರದಲ್ಲಿ ಗಂಡು ಇಲಿಗಳಲ್ಲಿ ಮಾತ್ರ ವ್ಯತ್ಯಾಸ ಕಂಡಿದೆ. ಹೆಣ್ಣಿಲಿಗಳಲ್ಲಿ ಋತುಚಕ್ರದ ಹಂತ ಬೇರ್ಪಡಿಸಿ ನೋಡಲಾಗಿತ್ತೇ?" ಈ ಒಂದು ಸಾಲು "ಪ್ಯಾಷನೇಟ್" ಎಂಬ ಪದ ಹತ್ತು ಸಲ ಬರೆದರೂ ಮಾಡದ ಕೆಲಸ ಮಾಡುತ್ತದೆ. ಮೂರನೆಯದರಲ್ಲಿ ನಿಮ್ಮ ಕೈ ಏನು ಮಾಡಬಲ್ಲದು ಎಂದು ಹೇಳಿ. "ಇಮ್ಯುನೊ ಸ್ಟೇನಿಂಗ್ ಗೊತ್ತು" ಎನ್ನಬೇಡಿ. "ಕ್ರಯೋಸ್ಟಾಟ್‌ನಲ್ಲಿ 40 ಮೈಕ್ರಾನ್ ತುಂಡು ಕತ್ತರಿಸಿ, ಪ್ರಾಥಮಿಕ ಆ್ಯಂಟಿಬಾಡಿ ಇಲ್ಲದ ಕಂಟ್ರೋಲ್ ಸಮೇತ ಸ್ಟೇನ್ ಮಾಡಿದ್ದೇನೆ" ಎನ್ನಿ. ಮಾಡಿದ್ದರೆ ಮಾತ್ರ. ಸಂದರ್ಶನದಲ್ಲಿ ಕಂಟ್ರೋಲ್ ಯಾಕೆ ಎಂದು ಕೇಳಿಯೇ ಕೇಳುತ್ತಾರೆ.

ಬಯೋಡೇಟಾ ಎರಡೇ ಪುಟ, ಒಂದೇ ಪಿಡಿಎಫ್, ಕಡತಕ್ಕೆ ನಿಮ್ಮ ಹೆಸರೇ ಇರಲಿ. ಹತ್ತು ಹನ್ನೆರಡು ದಿನ ಕಾದು ಒಮ್ಮೆ ನೆನಪಿಸಿ. ಮತ್ತೆ ಬೇಡ.

ಎಂ.ಎ. ಮನಶ್ಶಾಸ್ತ್ರ ಓದಿದ್ದೇನೆ. ಇಲಿ ಕೊಯ್ಯುವುದು ನನ್ನಿಂದಾಗದು. ವಯಸ್ಸಾದವರ ಮರೆವಿನ ಬಗ್ಗೆ ಕೆಲಸ ಮಾಡಲು ದಾರಿ ಇದೆಯೇ? ಪಿಎಚ್‌ಡಿ ಮುಗಿದರೆ ಕ್ಲಿನಿಕ್ ತೆರೆಯಬಹುದೇ? — ಓದುಗ, ರಾಜಾಜಿನಗರ

ದಾರಿ ಧಾರಾಳವಾಗಿದೆ. ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ಇಂಥ ಕಡೆ ಕನ್ನಡ ಬಲ್ಲ ಮನಶ್ಶಾಸ್ತ್ರದವರ ಬೆಲೆ ಬೇರೆಯೇ. ಉದಾಹರಣೆಗೆ, ಪಾಶ್ಚಾತ್ಯ ನೆನಪಿನ ಪರೀಕ್ಷೆಯಲ್ಲಿ ಒಂದು ಇಂಗ್ಲಿಷ್ ಪದದ ಅಕ್ಷರಗಳನ್ನು ಕೊನೆಯಿಂದ ಹಿಂದಕ್ಕೆ ಹೇಳಬೇಕು, ಒಂದು ವಾಕ್ಯ ಬರೆಯಬೇಕು, ಒಂದಕ್ಕೊಂದು ಹೆಣೆದ ಐದು ಮೂಲೆಯ ಆಕೃತಿ ನೋಡಿ ಬಿಡಿಸಬೇಕು. ಪೆನ್ಸಿಲ್ಲನ್ನೇ ಹಿಡಿಯದ ಅಜ್ಜಿ ಇದರಲ್ಲಿ ಸೋಲುವುದು ಮರೆವಿನಿಂದಲ್ಲ, ಶಾಲೆಗೆ ಹೋಗದ್ದರಿಂದ. ಅಕ್ಷರದ ಬದಲು ವಾರದ ದಿನಗಳನ್ನು ಭಾನುವಾರದಿಂದ ಹಿಂದಕ್ಕೆ ಹೇಳಿಸಿದರೆ ಅದೇ ಗಮನಶಕ್ತಿಯನ್ನು ಅಳೆಯಬಹುದು. ಇಂಥ ಪರೀಕ್ಷೆಯನ್ನು ಕನ್ನಡಕ್ಕೆ ಒಗ್ಗಿಸಿ, ಓದಿದವರು ಓದದವರು ಇಬ್ಬರಲ್ಲೂ ಸರಿಯಾದ ಕಟ್-ಆಫ್ ಕಂಡುಹಿಡಿಯುವುದೇ ಒಂದು ಪಿಎಚ್‌ಡಿ. ಸಂಖ್ಯಾಶಾಸ್ತ್ರ ಮಾತ್ರ ತಪ್ಪಿಸಿಕೊಳ್ಳಲಾಗದು, ಈಗಲೇ ದತ್ತಾಂಶ ಲೆಕ್ಕಕ್ಕೆ ಬಳಸುವ ಆರ್ (R) ಅಥವಾ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಹಿಡಿಯಿರಿ.

ಕ್ಲಿನಿಕ್ ವಿಚಾರ: ಆಗುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ಮಾನ್ಯ ಮಾಡಿದ ವೃತ್ತಿ ತರಬೇತಿ ಮತ್ತು ನೋಂದಣಿ ಬೇಕು. ಬರೀ ಸಂಶೋಧನಾ ಪಿಎಚ್‌ಡಿ ಅದನ್ನು ಕೊಡದು.

ಮಗಳಿಗೆ ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಿಂದ ನರವಿಜ್ಞಾನಕ್ಕೆ "ಫುಲ್ಲಿ ಫಂಡೆಡ್" ಪಿಎಚ್‌ಡಿ ಬಂದಿದೆ. ನಾವು ಸಾಲ ಮಾಡಬೇಕಾಗುತ್ತದೆಯೇ? — ತಾಯಿ, ಜಯನಗರ

ಪತ್ರದಲ್ಲಿ "ಹೋಮ್ ಫೀ" ಎಂಬ ಪದ ಇದೆಯೇ ಹುಡುಕಿ, ತಾಯಿ. ಅಲ್ಲಿ ಬ್ರಿಟನ್ನಿನವರಿಗೆ ಒಂದು ಶುಲ್ಕ, ಹೊರಗಿನವರಿಗೆ ಅದರ ಹಲವು ಪಟ್ಟು. ದಾನಸಂಸ್ಥೆ ಅಥವಾ ವಿಶ್ವವಿದ್ಯಾಲಯದ ಹಣವಾದರೆ ಎಷ್ಟೋ ಸಲ ಹೋಮ್ ಫೀ ಮಾತ್ರ ಕಟ್ಟುತ್ತಾರೆ, ಉಳಿದದ್ದು ನಿಮ್ಮ ತಲೆಗೆ. ಅಲ್ಲಿನ ಸರ್ಕಾರದ ಸಂಶೋಧನಾ ಅನುದಾನ ಸಂಸ್ಥೆ ಯುಕೆಆರ್‌ಐ ಹಣವಾದರೆ ಆ ವ್ಯತ್ಯಾಸವನ್ನು ವಿದ್ಯಾರ್ಥಿಯಿಂದ ವಸೂಲಿ ಮಾಡುವಂತಿಲ್ಲ. ಅಲ್ಲಿ 2025–26ಕ್ಕೆ ಕನಿಷ್ಠ ಸ್ಟೈಪೆಂಡ್ ವರ್ಷಕ್ಕೆ 20,780 ಪೌಂಡ್. "ವಿದೇಶಿ ಶುಲ್ಕದ ವ್ಯತ್ಯಾಸವನ್ನು ಪೂರ್ತಿ ಅವಧಿಗೆ ಯಾರು ಭರಿಸುತ್ತಾರೆ?" ಎಂದು ಮಗಳು ಬರಹದಲ್ಲೇ ಕೇಳಲಿ.

ಉತ್ತರ ಸರಿಯಾಗಿದ್ದರೂ ಹೊರಡುವ ಮುನ್ನ ಖರ್ಚಿದೆ. ವೀಸಾ ಶುಲ್ಕದ ಜೊತೆ ಆರೋಗ್ಯ ಸರ್‌ಚಾರ್ಜ್ ವಿದ್ಯಾರ್ಥಿಗೆ ವರ್ಷಕ್ಕೆ 776 ಪೌಂಡ್, ವೀಸಾದ ಅಷ್ಟೂ ಅವಧಿಯದ್ದನ್ನು ಒಟ್ಟಿಗೆ ಕಟ್ಟಬೇಕು. ನಾಲ್ಕು ವರ್ಷಕ್ಕೇ 3,104 ಪೌಂಡ್. ಇದನ್ನು ಹಿಂದಿರುಗಿಸುತ್ತೀರಾ ಎಂದು ಅದೇ ಮೇಲ್‌ನಲ್ಲಿ ಕೇಳಿಬಿಡಿ, ಕೆಲವು ಕಡೆ ಕೊಡುತ್ತಾರೆ. ನಡುವೆ ಯಾರಾದರೂ ಏಜೆಂಟ್ "ಫೆಲೋಶಿಪ್ ಪ್ರೊಸೆಸಿಂಗ್ ಫೀ" ಎಂದು ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ.