ಬ್ಯಾಗಿನ ದುಡ್ಡನ್ನು ಮೈಕಿಗೆ ಹಾಕಿ

ನಿಮ್ಮ ಸಮ್ಮೇಳನದ ಪ್ಲಾನ್ ನೋಡಿ ಎದೆ ಧಸಕ್ಕೆಂದಿತು. 80 ಜನ, ಒಂದೇ ದಿನ, ಒಬ್ಬರ ಹಿಂದೊಬ್ಬರು ಆರು ಭಾಷಣ, ಅರ್ಧ ಬಜೆಟ್ ವೇದಿಕೆಯ ಬ್ಯಾಕ್‌ಡ್ರಾಪ್ ಮತ್ತು ಬಂದವರಿಗೆ ಹಂಚುವ ಬ್ಯಾಗಿಗೆ, ಕೊನೆಗೆ 'ಸಮಯ ಉಳಿದರೆ ಪ್ರಶ್ನೋತ್ತರ'. ಉಳಿಯುವುದಿಲ್ಲ. ನಾನೂ ಇದನ್ನೇ ಮಾಡಿ ಕೈ ಸುಟ್ಟುಕೊಂಡವನು.

ನಮ್ಮ ವೇದಿಕೆ ಜಗಮಗ ಅನ್ನುತ್ತಿತ್ತು, ಕಾಲರ್ ಮೈಕ್ ಮಾತ್ರ ಅಗ್ಗದ್ದು. ಭಾಷಣ ಮಾಡುವವರು ಪರದೆ ಕಡೆ ಕತ್ತು ತಿರುಗಿಸಿದರೆ ದನಿ ಮಾಯ. ಧ್ವನಿವರ್ಧಕದ ಎದುರು ಬಂದರೆ ಕುಯ್ಯೋ ಅಂತ ಕೂಗು. ಹಿಂದಿನ ಸಾಲಿನವರೆಲ್ಲ ಫೋನ್ ತೆಗೆದರು. ಊಟ ಆದಮೇಲೆ ನೋಡಿದರೆ ಅರ್ಧ ಕುರ್ಚಿಗಳಲ್ಲಿ ನಮ್ಮ ಬ್ಯಾಗುಗಳು ಮಾತ್ರ ಶಿಸ್ತಾಗಿ ಕೂತಿದ್ದವು. ಅದನ್ನೂ ಬಿಟ್ಟು ಹೋಗಿದ್ದರು!

ಭಾಷಣ ಮೂರಕ್ಕೆ ಇಳಿಸಿ. ಪ್ರತಿಯೊಂದಾದ ಮೇಲೆ 12 ನಿಮಿಷ ಜನರಿಗೆ ಬಿಡಿ. ಒಂದು ನಿಮಿಷ ಒಬ್ಬೊಬ್ಬರೇ ಬರೆದುಕೊಳ್ಳಲಿ, ಎರಡು ನಿಮಿಷ ಪಕ್ಕದವರ ಜೊತೆ, ನಾಲ್ಕು ನಿಮಿಷ ನಾಲ್ವರು ಸೇರಿ, ಉಳಿದ ಐದು ಇಡೀ ಸಭೆಗೆ. ಅದೇ '1-2-4-ಆಲ್'. ಖರ್ಚು ಅಂದರೆ ಸಮಯ ಮುಗಿದಾಗ ಬಾರಿಸೋಕೆ ಒಂದು ಗಂಟೆ, ಒಂದಿಷ್ಟು ಕಾಗದ. ಮೊದಲ ನಿಮಿಷದ ಮೌನ ಮುಜುಗರ ಅಂತ ಹಾರಿಸಬೇಡಿ, ಹಾರಿಸಿದರೆ ಬಾಯಿ ಜೋರಿರುವವರೇ ಎಲ್ಲ ಮಾತಾಡುತ್ತಾರೆ. ಈ ಚರ್ಚೆಗೆ 'ಹೇಗನ್ನಿಸಿತು' ಅಂತ ಪ್ರಶ್ನೆ ಕೊಟ್ಟರೆ 'ಚೆನ್ನಾಗಿತ್ತು' ಅಂತಾರೆ, ಮುಗೀತು. 'ನಾಳೆ ಆಫೀಸಿನಲ್ಲಿ ಯಾವ ಕೆಲಸ ನಿಲ್ಲಿಸುತ್ತೀರಿ' ಅಂತ ಕೇಳಿ ನೋಡಿ. ಒಂದೇ ಆಫೀಸಿನ ಬಾಸ್ ಮತ್ತು ಹೊಸಬರನ್ನು ಒಂದೇ ಗುಂಪಿಗೆ ಹಾಕಬೇಡಿ, ಹೊಸಬರು ತುಟಿ ಬಿಚ್ಚುವುದಿಲ್ಲ.

ಉಳಿದ ಮೂವರನ್ನು ಬಿಡೋಕಾಗಲ್ಲ ಅಲ್ವಾ? ಅವರಿಗೆ ಪೆಚಾಕುಚಾ ಕೊಡಿ. 20 ಸ್ಲೈಡ್, ಒಂದಕ್ಕೆ 20 ಸೆಕೆಂಡ್, ಒಟ್ಟು 6 ನಿಮಿಷ 40 ಸೆಕೆಂಡ್. ವಾಸ್ತುಶಿಲ್ಪಿಗಳ ಕೈಗೆ ಮೈಕ್ ಸಿಕ್ಕರೆ ಬಿಡುವುದಿಲ್ಲ ಅಂತ 2003ರಲ್ಲಿ ಟೋಕಿಯೋದಲ್ಲಿ ಇಬ್ಬರು ವಾಸ್ತುಶಿಲ್ಪಿಗಳೇ ಇದನ್ನು ಶುರು ಮಾಡಿದ್ದು. ಸ್ಲೈಡ್ ತಾನಾಗಿಯೇ ಮುಂದೆ ಹೋಗುವಂತೆ ಸೆಟ್ ಮಾಡಿ ರಿಮೋಟ್ ನೀವೇ ಇಟ್ಟುಕೊಳ್ಳಿ. ದಾಕ್ಷಿಣ್ಯ ಬೇಡ.

ಆ್ಯಪ್ ಬೇಕೇ ಬೇಕು ಅಂದರೆ ಜನರ ಫೋನಿನಿಂದಲೇ ಪ್ರಶ್ನೆ ತೆಗೆದುಕೊಳ್ಳೋಕೆ ಸ್ಲೈಡೊ ಸಾಕು. ಮೆಂಟಿಮೀಟರ್ ಅನ್ನೋ ಇನ್ನೊಂದು ಆ್ಯಪ್, ಜನ ಕಳಿಸಿದ ಪದಗಳನ್ನು ಪರದೆ ಮೇಲೆ ಗುಂಪಾಗಿ ತೋರಿಸುವ 'ಪದಗಳ ಮೋಡ' ನನಗಂತೂ ಸುಮ್ನೆ ಚಂದಕ್ಕೆ ಅನ್ನಿಸುತ್ತದೆ. ಯಾವುದೇ ಆಗಲಿ, ಉಚಿತ ಪ್ಲಾನಿನಲ್ಲಿ ಎಷ್ಟು ಜನಕ್ಕೆ ಅವಕಾಶ ಅಂತ ಮೊದಲೇ ನೋಡಿಕೊಳ್ಳಿ. ಎಷ್ಟೋ ಸಲ ಕೈ ಎತ್ತಿಸಿದರೂ ಸಾಕು.

ಬ್ಯಾಗು, ಬ್ಯಾಕ್‌ಡ್ರಾಪ್ ಬಿಟ್ಟು ಉಳಿಸಿದ ದುಡ್ಡಲ್ಲಿ ಕೈಯಲ್ಲಿ ಹಿಡಿಯುವ ಒಳ್ಳೆ ಮೈಕ್ ಎರಡು ಬಾಡಿಗೆಗೆ ತನ್ನಿ, ಒಂದು ಸಭೆಯೊಳಗೆ ಓಡಾಡಲಿ. ಬ್ಯಾಟರಿ ಜಾಸ್ತಿ ಇಟ್ಟುಕೊಳ್ಳಿ. ಹಾಲ್ ಇನ್ನೂ ಬುಕ್ ಮಾಡಿಲ್ಲವಾದರೆ ಕುರ್ಚಿ ಸರಿಸಬಹುದಾ ಅಂತ ಮೊದಲು ಕೇಳಿ. ಹಾಂ, ಬ್ಯಾಡ್ಜಿನ ಎರಡೂ ಬದಿ ಹೆಸರು ದಪ್ಪಕ್ಷರದಲ್ಲಿ ಹಾಕಿಸಿ. ಅದು ಯಾವಾಗಲೂ ಬೆನ್ನು ತಿರುಗಿಸಿಕೊಂಡೇ ನೇತಾಡುತ್ತದೆ.